ಪಿಡಿಎಫ್ ಫಾರ್ಮಿಂದ ಎಕ್ಸೆಲ್‌ಗೆ, ಎಕ್ಸೆಲ್‌ನಿಂದ ಮತ್ತೆ ಫಾರ್ಮಿಗೆ: ಸರ್ವೆ ನಂಬರೆಲ್ಲ ತಾರೀಕಾಗ್ತಾ ಇದೆ, ದಾರಿ ಗೊತ್ತಿದ್ದವ್ರು ಹೇಳಿ

ಬೆಟ್ಟದಾಕೆ (ಶಿರಸಿ ಕಡೆ)

ಎಲ್ರಿಗೂ ನಮಸ್ಕಾರ. ನಾನು ಶಿರಸಿ ತಾಲೂಕಿನ ಒಂದು ಸೇವಾ ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ಕೆಲ್ಸ ನೋಡ್ಕೊಳ್ತೇನೆ. ಬೆಳೆಸಾಲ, ಬೆಳೆವಿಮೆ ಎರಡರ ಮಾಹಿತಿಯೂ ನಮ್ಮಲ್ಲಿಂದ್ಲೇ ಹೋಗ್ಬೇಕು, ಅಡಿಕೆ ಕಾಳುಮೆಣಸು ವಿಮೆ ಅಂದ್ರೆ ಜೂನ್ ಜುಲೈ ಹೊತ್ತಿಗೆ ಮಳೆ ಹೊಡೀತಾ ಇರುವಾಗ್ಲೇ ಎಲ್ಲ ಬರೂದು, ಕರೆಂಟ್ ಇಲ್ಲ ನೆಟ್ ಇಲ್ಲ ಅನ್ನೂ ದಿನಗಳಲ್ಲೇ ಕೊನೇ ದಿನಾಂಕವೂ ಬಂದಿರ್ತದೆ.

ನಮ್ದು ಒಂದು ಪಿಡಿಎಫ್ ಫಾರ್ಮ್ ಇದೆ, ಸದಸ್ಯರ ನಂಬರು, ಹೆಸರು, ಎಫ್‌ಐಡಿ (ಸರ್ಕಾರ ಕೊಡೂ ರೈತರ ಗುರುತಿನ ನಂಬರು), ಸರ್ವೆ ನಂಬರು ಹಿಸ್ಸಾ (ಅದ್ರ ಉಪವಿಭಾಗ), ಕ್ಷೇತ್ರ, ಬೆಳೆ, ಬ್ಯಾಂಕ್ ಖಾತೆ, ನಾಮಿನಿ ಎಲ್ಲ ತುಂಬಿ ಕಳಿಸ್ಬೇಕು. ಕೆಲವ್ರ ಮಕ್ಕಳು ಬೆಂಗ್ಳೂರಲ್ಲಿ ಕೂತು ಲ್ಯಾಪ್‌ಟಾಪಲ್ಲೇ ತುಂಬಿ ಮೇಲ್ ಮಾಡ್ತಾರೆ, ಕೆಲವ್ರು ಪ್ರಿಂಟ್ ತೆಗ್ದು ಪೆನ್ನಲ್ಲಿ ಬರ್ದು ಸ್ಕ್ಯಾನ್ ಮಾಡಿಸ್ತಾರೆ, ಉಳಿದವ್ರು ಫೋಟೋ ಹೊಡ್ದು ವಾಟ್ಸಾಪ್. ಇದನ್ನೆಲ್ಲ ನಾನು ಎಕ್ಸೆಲ್‌ಗೆ ಹಾಕ್ಬೇಕು, ಮತ್ತೆ ಅದೇ ಮಾಹಿತಿನ ಬ್ಯಾಂಕಿನವ್ರು ಕೊಟ್ಟ ಬೇರೆ ಪಿಡಿಎಫ್ ಫಾರ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂತ ತುಂಬ್ಬೇಕು. ಈಗ ನಡೀತಾ ಇರೂದು ಒಂದು ಕಿಟಕಿಯಲ್ಲಿ ಫಾರ್ಮ್ ಇಟ್ಕೊಂಡು ಇನ್ನೊಂದರಲ್ಲಿ ಎಕ್ಸೆಲ್ ಇಟ್ಕೊಂಡು ಕಾಪಿ ಪೇಸ್ಟ್.

ಅದ್ರಲ್ಲಿ ಸರ್ವೆ ನಂಬರ್ 12/3 ಅಂತ ಪೇಸ್ಟ್ ಮಾಡಿದ್ರೆ 12-ಮಾರ್ಚ್ ಆಗಿ ಕೂರ್ತದೆ. ಖಾತೆ ನಂಬರಿನ ಮುಂದಿನ ಸೊನ್ನೆ ಹಾರಿ ಹೋಗ್ತದೆ. ಕನ್ನಡ ಹೆಸರು ಕೆಲವು ಫಾರ್ಮಲ್ಲಿ ಚೌಕ ಚೌಕ ಕಾಣ್ತದೆ. ಆಫೀಸಲ್ಲಿ ಒಬ್ರು ಯಾವುದೋ ಫ್ರೀ ವೆಬ್‌ಸೈಟಿಗೆ ಎಲ್ಲ ಪಿಡಿಎಫ್ ಅಪ್‌ಲೋಡ್ ಮಾಡು, ಅದೇ ಎಕ್ಸೆಲ್ ಮಾಡಿ ಕೊಡ್ತದೆ ಅಂತಾರೆ, ಆದ್ರೆ ಅದ್ರೊಳಗೆ ಆಧಾರ್ ಪಾಸ್‌ಬುಕ್ ಎಲ್ಲ ಇದೆ, ನಂಗೆ ಮನಸ್ಸೇ ಬರೂದಿಲ್ಲ. ಪಿಡಿಎಫ್ ತಿದ್ದೂ ಅಕ್ರೋಬ್ಯಾಟ್ ಸಾಫ್ಟ್‌ವೇರನ್ನ ದುಡ್ಡು ಕೊಟ್ಟು ತಗೊಳ್ಳೂದು ಇಲ್ಲ ಅಂದಿದ್ದಾರೆ. ನಮ್ಮಲ್ಲಿರೂದು ಎಕ್ಸೆಲ್ 2016, ಲಿಬ್ರೆ ಆಫೀಸ್ ಹಾಕ್ಕೊಳ್ಳೂಕೆ ಅಡ್ಡಿ ಇಲ್ಲ. ಒಬ್ಬ ರೈತನ ಸರ್ವೆ ನಂಬರ್ ತಪ್ಪಿದ್ರೆ ಅವ್ನ ಪರಿಹಾರವೇ ನಿಂತು ಹೋಗ್ಬಹುದು, ಹಾಗಾಗಿ ಬೇಗ ಆಗೂದಕ್ಕಿಂತ ಸರಿ ಆಗೂದು ನಂಗೆ ಮುಖ್ಯ. ಯಾರಿಗಾದ್ರೂ ಗೊತ್ತಿದ್ರೆ ಹೇಳಿ.

ಕಾಳಿಸೇತುವೆ (ಕಾರವಾರ)

ಮೇಡಂ, ಮೊದ್ಲು ಒಂದು ವಿಷ್ಯ. ನೀವು ಎಲ್ಲಾನೂ ಪಿಡಿಎಫ್ ಅಂತಿದ್ದೀರಿ, ಆದ್ರೆ ನಿಮ್ಗೆ ಬರ್ತಾ ಇರೂದು ಬೇರೆ ಬೇರೆ ಸರಕು, ಹೆಸರು ಮಾತ್ರ ಒಂದು. ಅದನ್ನು ಬೇರ್ಪಡಿಸದೆ ಯಾವ ಸಾಫ್ಟ್‌ವೇರ್ ಹಾಕಿದ್ರೂ ಅರ್ಧಂಬರ್ಧ ಆಗ್ತದೆ.

ಫೈಲನ್ನ ರೀಡರಲ್ಲಿ ತೆಗೀರಿ. ಖಾಲಿ ಜಾಗದ ಮೇಲೆ ಕ್ಲಿಕ್ ಮಾಡಿದ್ರೆ ಕರ್ಸರ್ ಕೂತ್ಕೊಂಡು ಟೈಪ್ ಮಾಡೂಕೆ ಬಂತಾ, ಅದು ನಿಜವಾದ ಫಾರ್ಮ್. ಅದ್ರೊಳಗೆ ಪ್ರತಿ ಡಬ್ಬಿಗೂ ಒಂದು ಹೆಸರು, ಆ ಹೆಸರಿಗೆ ಒಂದು ಬೆಲೆ (ಅಲ್ಲಿ ತುಂಬಿದ ಮಾಹಿತಿ) ಅಂತ ಬೇರೆಯಾಗೇ ಇಟ್ಟಿರ್ತದೆ. ಇದಕ್ಕೆ ಅಕ್ರೋಫಾರ್ಮ್ ಅಂತಾರೆ, 1996ರಿಂದ್ಲೂ ಪಿಡಿಎಫಲ್ಲಿ ಇದೆ. ಇಂಥದನ್ನು ಎಕ್ಸೆಲ್‌ಗೆ ಕನ್ವರ್ಟ್ ಮಾಡ್ಬಾರ್ದು, ಒಳಗಿನ ಬೆಲೆಗಳನ್ನ ಎಕ್ಸ್‌ಪೋರ್ಟ್ ಮಾಡ್ಬೇಕು ಅಷ್ಟೇ. ಕನ್ವರ್ಟರ್ ಪುಟದ ಚಿತ್ರ ನೋಡಿ ಯಾವುದು ಎಲ್ಲಿದೆ ಅಂತ ಊಹೆ ಮಾಡ್ತದೆ, ಎಕ್ಸ್‌ಪೋರ್ಟ್ ಅಂದ್ರೆ ಊಹೆಯೇ ಇಲ್ಲ, ಇದ್ದದ್ದು ಇದ್ದ ಹಾಗೆ ಬರ್ತದೆ.

ಟೈಪ್ ಮಾಡೂಕೆ ಬರೂದಿಲ್ಲ, ಆದ್ರೆ ಅಕ್ಷರ ಸೆಲೆಕ್ಟ್ ಆಗ್ತದೆ ಅಂದ್ರೆ ಫಾರ್ಮ್ ಇದ್ದದ್ದು ಚಪ್ಪಟೆ ಆಗಿದೆ ಅಂತ ಅರ್ಥ. ಇದು ಬಹಳ ಸಲ ಹುಡುಗ್ರು ಮೊಬೈಲಲ್ಲಿ ತುಂಬಿ ಪ್ರಿಂಟ್ ಕೊಟ್ಟು ಸೇವ್ ಆಸ್ ಪಿಡಿಎಫ್ ಮಾಡೂದ್ರಿಂದ ಆಗೂದು. ನೋಡೂಕೆ ಏನೂ ವ್ಯತ್ಯಾಸ ಕಾಣೂದಿಲ್ಲ, ಆದ್ರೆ ಡಬ್ಬಿಗಳೆಲ್ಲ ಸತ್ತು ಹೋಗಿರ್ತವೆ. ಫಾರ್ಮಿನ ಮೇಲೇ ದಪ್ಪ ಅಕ್ಷರದಲ್ಲಿ ಹಾಕ್ಬಿಡಿ, ಪ್ರಿಂಟ್ ಕೊಡ್ಬೇಡಿ, ಸೇವ್ ಮಾಡಿ ಕಳ್ಸಿ ಅಂತ. ವಾಟ್ಸಾಪಲ್ಲಿ ಕಳ್ಸಿದ್ರೂ ಅಡ್ಡಿ ಇಲ್ಲ, ಆದ್ರೆ ಡಾಕ್ಯುಮೆಂಟ್ ಅಂತ ಆರ್ಸಿ ಕಳಿಸ್ಬೇಕು, ಸ್ಕ್ರೀನ್‌ಶಾಟ್ ಅಲ್ಲ.

ಅಕ್ಷರ ಸೆಲೆಕ್ಟೂ ಆಗೂದಿಲ್ಲ ಅಂದ್ರೆ ಅದು ಬರೀ ಫೋಟೋ. ಅದ್ರ ದಾರಿಯೇ ಬೇರೆ.

ಇನ್ನೊಂದು ಜಾತಿ ಇದೆ, ಸರ್ಕಾರಿ ಹಳೇ ಫಾರ್ಮುಗಳಲ್ಲಿ ಸಿಗ್ತದೆ, ಬ್ರೌಸರಲ್ಲಿ ತೆಗೆದ್ರೆ ದಯವಿಟ್ಟು ಕಾಯಿರಿ ಅಂತ ಇಂಗ್ಲಿಷಲ್ಲಿ ಬರ್ದ ಒಂದು ಪುಟ ಬಿಟ್ರೆ ಮತ್ತೇನೂ ಕಾಣೂದಿಲ್ಲ. ಅದು ಎಕ್ಸ್‌ಎಫ್‌ಎ ಫಾರ್ಮ್. 2017ರಲ್ಲಿ ಬಂದ ಪಿಡಿಎಫ್ 2.0 ಸ್ಟ್ಯಾಂಡರ್ಡಲ್ಲಿ ಅದನ್ನ ಬಿಟ್ಟುಬಿಡಿ ಅಂತ ಹೇಳಿಯಾಗಿದೆ, ಆದ್ರೂ ಇನ್ನೂ ಓಡಾಡ್ತಾ ಇದಾವೆ. ಬ್ಯಾಂಕಿನವ್ರು ಕೊಟ್ಟದ್ದು ಇದಾಗಿದ್ರೆ ಅವ್ರ ಹತ್ರವೇ ಸಾದಾ ಫಾರ್ಮ್ ಕೇಳಿ, ಅದ್ರ ಜೊತೆ ಗುದ್ದಾಡೂದು ದಂಡ.

ಅಕ್ರೋಬ್ಯಾಟ್ ಪ್ರೊ ಇದ್ದವ್ರಿಗೆ ತುಂಬಿದ ಫಾರ್ಮುಗಳನ್ನೆಲ್ಲ ಒಟ್ಟಿಗೆ ಆರ್ಸಿ ಒಂದೇ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ ಫೈಲ್) ಮಾಡೂ ಸೌಲಭ್ಯ ಅದ್ರಲ್ಲೇ ಇದೆ, ಫ್ರೀ ರೀಡರಲ್ಲಿ ಇಲ್ಲ. ನಿಮ್ಗೆ ಬೇರೆ ದಾರಿ ಬೇಕು, ಅದನ್ನ ಪ್ರೋಗ್ರಾಮಿಂಗ್ ಬಲ್ಲವ್ರು ಯಾರಾದ್ರೂ ಹೇಳ್ಲಿ.

ಅಘನಾಶಿನಿ (ಕುಮಟಾ)

ಅಪ್‌ಲೋಡ್ ಮಾಡ್ಬೇಡಿ ತಂಗಿ. ನಿಮ್ಮ ಮನಸ್ಸು ಹೇಳಿದ್ದೇ ಸರಿ. ಆಧಾರ್, ಖಾತೆ ನಂಬರು, ಮೊಬೈಲ್ ನಂಬರು, ಸಹಿ ಇಷ್ಟೂ ಒಂದೇ ಕಾಗದದಲ್ಲಿ ಇರುವಾಗ ಅದನ್ನ ಎಲ್ಲಿದೆ ಅಂತ್ಲೂ ಗೊತ್ತಿಲ್ಲದ ಸರ್ವರಿಗೆ ಕಳ್ಸೂದು ಅಂದ್ರೆ ಸದಸ್ಯರು ಸಂಘದ ಮೇಲೆ ಇಟ್ಟ ನಂಬಿಕೆಯನ್ನೇ ಕಳ್ಸಿದ ಹಾಗೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ, ಜನರ ಮಾಹಿತಿ ಇಟ್ಕೊಂಡವ್ರಿಗೆ ಅದನ್ನ ಕಾಪಾಡೂ ಜವಾಬ್ದಾರಿ ಇದೆ ಅಂತ ಆಫೀಸಲ್ಲಿ ಹೇಳಿ. ಮತ್ತೆ ನಿಮ್ಮ ಫಾರ್ಮಿಗೆ ಪೂರ್ತಿ ಆಧಾರ್ ನಿಜವಾಗ್ಲೂ ಬೇಕಾ ಕೇಳಿ ನೋಡಿ. ಎಫ್‌ಐಡಿ ಇದ್ದ ಮೇಲೆ ಗುರುತಿಗೆ ಕೊನೇ ನಾಲ್ಕಂಕಿ ಮಾತ್ರ ಕಾಣೂ ಮಾಸ್ಕ್ಡ್ ಆಧಾರ್ ಪ್ರತಿ ಸಾಕಾಗ್ಬಹುದು. ತಗೊಳ್ಳದೇ ಇದ್ದ ಮಾಹಿತಿ ಸೋರಿಯೂ ಹೋಗೂದಿಲ್ಲ.

ಚಪ್ಪಟೆ ಆದ ಪಿಡಿಎಫಿಂದ ಪಟ್ಟಿ ತೆಗೀಲಿಕ್ಕೆ ಟ್ಯಾಬುಲಾ ಅಂತ ಫ್ರೀ ಸಾಫ್ಟ್‌ವೇರ್ ಉಂಟು, ನಿಮ್ಮ ಕಂಪ್ಯೂಟರಲ್ಲೇ ಓಡ್ತದೆ, ಫೈಲ್ ಹೊರಗೆ ಹೋಗೂದಿಲ್ಲ. ಸೆಲೆಕ್ಟ್ ಆಗೂ ಅಕ್ಷರ ಇದ್ರೆ ಮಾತ್ರ ಕೆಲ್ಸ ಮಾಡ್ತದೆ, ಫೋಟೋಗೆ ಬರೂದಿಲ್ಲ.

ಶರಾವತಿ ದಡ (ಹೊನ್ನಾವರ)

12/3 ಮಾರ್ಚ್ ಆಗೂ ವಿಚಾರಕ್ಕೆ ನಾನು ಬರ್ತೇನೆ, ಯಾಕಂದ್ರೆ ಭೂಮಿ ದಾಖಲೆ ಮುಟ್ಟೂ ಪ್ರತಿ ಆಫೀಸಲ್ಲೂ ಇದು ಸದ್ದಿಲ್ದೆ ನಡೀತಾ ಇದೆ, ಯಾರೂ ಇದನ್ನ ಗಂಭೀರವಾಗಿ ತಗೊಳ್ಳೂದಿಲ್ಲ ಅನ್ನೂ ಬೇಜಾರು ನಂಗೆ ಬಹಳ ದಿನದಿಂದ ಇದೆ.

ಎಕ್ಸೆಲ್‌ಗೆ ಸರ್ವೆ ನಂಬರ್ ಅಂದ್ರೇನು ಗೊತ್ತಿಲ್ಲ. ಓರೆಗೀಟು ಕಂಡ ಕೂಡ್ಲೇ ತಾರೀಕು ಆಗ್ತದಾ ನೋಡ್ತದೆ. 12/3 ಆಗ್ತದೆ, ಹಾಗಾಗಿ 12 ಮಾರ್ಚ್. ಅದ್ರ ಮೇಲೆ ಈ ವರ್ಷವನ್ನೂ ತಾನೇ ಸೇರಿಸ್ತದೆ. 12/45 ಇದ್ರೆ ಡಿಸೆಂಬರ್ 1945 ಮಾಡ್ತದೆ. ಆದ್ರೆ 45/2 ತಾರೀಕು ಆಗೂಕೆ ಸಾಧ್ಯವೇ ಇಲ್ಲ, ಅದನ್ನ ಮುಟ್ಟದೆ ಹಾಗೇ ಬಿಡ್ತದೆ. 12/2ಎ ಅಂತ ಅಕ್ಷರ ಇದ್ರೂ ಬಿಡ್ತದೆ. ಇದೇ ಅಪಾಯ ನೋಡಿ. ಎಲ್ಲವೂ ಕೆಟ್ಟಿದ್ರೆ ತಕ್ಷಣ ಗೊತ್ತಾಗ್ತಿತ್ತು, ಕೆಲವು ಕೆಟ್ಟು ಕೆಲವು ಸರಿ ಇದ್ದು ಉದ್ದ ಪಟ್ಟಿಯಲ್ಲಿ ಕಣ್ಣು ತಪ್ಪಿ ಹೋಗ್ತದೆ.

ಒಮ್ಮೆ ಹಾಗೆ ಆದ ಮೇಲೆ ಸೆಲ್ಲನ್ನ ಟೆಕ್ಸ್ಟ್ ಮಾಡಿದ್ರೆ ಸರಿ ಆಗ್ತದೆ ಅಂದ್ಕೊಳ್ತಾರೆ, ಆಗೂದಿಲ್ಲ. ಒಳಗೆ ಅದು ಒಂದು ಅಂಕಿ ಆಗಿ ಹೋಗಿರ್ತದೆ, 2025ರ ಮಾರ್ಚ್ 12 ಅಂದ್ರೆ 45728. ಟೆಕ್ಸ್ಟ್ ಮಾಡಿದ್ರೆ ಆ 45728 ಕಾಣ್ತದೆ, ಅದನ್ನ ನೋಡಿದ ಇನ್ಯಾರೋ ಅದೇ ಸರ್ವೆ ನಂಬರ್ ಅಂದ್ಕೊಂಡು ಮುಂದೆ ಕಳಿಸ್ಬಹುದು. ಹಾಗಾಗಿ ಮಾಹಿತಿ ಒಳಗೆ ಬರೂ ಮೊದ್ಲೇ ಕಾಲಂ ಟೆಕ್ಸ್ಟ್ ಆಗಿರ್ಬೇಕು, ಆಮೇಲೆ ಅಲ್ಲ.

ಇದು ನಮ್ಮೊಬ್ಬರ ಕಷ್ಟ ಅಲ್ಲ. ಮನುಷ್ಯರ ಜೀನುಗಳಿಗೆ ಹೆಸರಿಡೂ ವಿಜ್ಞಾನಿಗಳ ಸಮಿತಿ 2020ರಲ್ಲಿ ಕೆಲವು ಜೀನುಗಳ ಹೆಸರನ್ನೇ ಬದಲಾಯಿಸ್ತು, ಮಾರ್ಚ್1 ಸೆಪ್ಟ್1 ಅಂತಿದ್ದ ಹೆಸರೆಲ್ಲ ಎಕ್ಸೆಲಲ್ಲಿ ತಾರೀಕು ಆಗ್ತಾ ಇದ್ವು ಅಂತ. 2023ರಲ್ಲಿ ಮೈಕ್ರೋಸಾಫ್ಟ್ ಹೊಸ ಎಕ್ಸೆಲಲ್ಲಿ ತಾನಾಗೇ ಬದಲಾಯಿಸೂದನ್ನ ನಿಲ್ಸೂ ಆಯ್ಕೆ ಕೊಡ್ತು, ಮುಂದಿನ ಸೊನ್ನೆ ಉಳಿಸೂದಕ್ಕೆ ಅದು ಒಳ್ಳೇದೇ, ಆದ್ರೆ ತಾರೀಕಿನ ವಿಷ್ಯದಲ್ಲಿ ಅದು ಇಂಗ್ಲಿಷ್ ಅಕ್ಷರ ಅಂಕಿ ಕೂಡಿದ್ದಕ್ಕೆ ಮಾತ್ರ, ನಮ್ಮ 12/3ಕ್ಕೆ ಅದ್ರಿಂದ ರಕ್ಷಣೆ ಇಲ್ಲ. ನಿಮ್ದು 2016 ಆದ್ದರಿಂದ ಆ ಆಯ್ಕೆಯೂ ಇಲ್ಲ. ಪಿಡಿಎಫಿಂದ ನೇರ ತರೂ ಬಟನ್ನೂ 2016ರಲ್ಲಿ ಇಲ್ಲ, ಹುಡುಕ್ತಾ ಕೂರ್ಬೇಡಿ.

ಮಾಡ್ಬೇಕಾದ್ದು ಇಷ್ಟು. ಸಿಎಸ್‌ವಿ ಫೈಲನ್ನ ಯಾವತ್ತೂ ಡಬಲ್ ಕ್ಲಿಕ್ ಮಾಡಿ ತೆಗೀಬೇಡಿ. ಖಾಲಿ ಎಕ್ಸೆಲ್ ತೆಗ್ದು ಡೇಟಾ ಟ್ಯಾಬಿಗೆ ಹೋಗಿ ಟೆಕ್ಸ್ಟ್ ಫೈಲಿಂದ ತರೂದು ಅಂತ ಇದೆ, ಅದ್ರ ಮೂರನೇ ಹಂತದಲ್ಲಿ ಪ್ರತಿ ಕಾಲಂ ಯಾವ ಜಾತಿ ಅಂತ ಕೇಳ್ತದೆ, ಮೊದಲ ಕಾಲಂ ಕ್ಲಿಕ್ ಮಾಡಿ ಶಿಫ್ಟ್ ಒತ್ತಿಕೊಂಡು ಕೊನೇದನ್ನ ಕ್ಲಿಕ್ ಮಾಡಿ ಎಲ್ಲಕ್ಕೂ ಟೆಕ್ಸ್ಟ್ ಕೊಡಿ. ಅದಕ್ಕೂ ಮೊದ್ಲು ಒಂದನೇ ಹಂತದಲ್ಲಿ ಫೈಲ್ ಒರಿಜಿನ್ ಅನ್ನೂ ಕಡೆ 65001 ಯುಟಿಎಫ್-8 (ಕನ್ನಡ ಅಕ್ಷರ ಉಳಿಸೂ ಸಂಕೇತ ಪದ್ಧತಿ) ಆರ್ಸಿ, ಇಲ್ದಿದ್ರೆ ಕನ್ನಡ ಹೆಸರೆಲ್ಲ ಕಲಸುಮೇಲೋಗರ. ಲಿಬ್ರೆ ಆಫೀಸ್ ಕ್ಯಾಲ್ಕಲ್ಲಿ ಇನ್ನೂ ಸುಲಭ, ಸಿಎಸ್‌ವಿ ತೆಗೆದ ಕೂಡ್ಲೇ ಆ ಪ್ರಶ್ನೆಗಳ ಡಬ್ಬಿ ತಾನಾಗೇ ಬರ್ತದೆ.

ಖಾತೆ ನಂಬರಿಗೆ ಸೊನ್ನೆ ಹಾರೂದು ಒಂದೇ ಅಲ್ಲ. ಎಕ್ಸೆಲ್ ಅಂಕಿಯನ್ನ 15 ಸ್ಥಾನದ ತನಕ ಮಾತ್ರ ಸರಿಯಾಗಿ ಇಟ್ಕೊಳ್ತದೆ, 16ನೇ ಅಂಕಿಯಿಂದ ಮುಂದೆ ಸೊನ್ನೆ ತುಂಬ್ತದೆ. ಉದ್ದ ಖಾತೆ ನಂಬರ್ ಇರೂ ಬ್ಯಾಂಕಿನವ್ರಿಗೆ ಇದು ಸೀದಾ ತಪ್ಪು ಖಾತೆ. ಆಧಾರಿನ 12 ಅಂಕಿಗೆ ಒಳಗೆ ಹಾನಿ ಆಗೂದಿಲ್ಲ, ಆದ್ರೆ ಮಧ್ಯ ಇ ಅಕ್ಷರ ಬಂದ ವಿಚಿತ್ರ ರೂಪದಲ್ಲಿ ಕಾಣ್ತದೆ, ಅದೇ ರೂಪದಲ್ಲಿ ಸಿಎಸ್‌ವಿಗೆ ಸೇವ್ ಮಾಡಿದ್ರೆ ಆಗ ನಿಜವಾಗ್ಲೂ ಹೋಯ್ತು. ಲೆಕ್ಕ ಮಾಡದೇ ಇರೂ ಯಾವ ನಂಬರನ್ನೂ ನಂಬರ್ ಅಂತ ಇಡ್ಬೇಡಿ.

ಇನ್ನು ಕ್ಷೇತ್ರ. ನಿಮ್ಮ ಫಾರ್ಮಲ್ಲಿ ಎಕರೆ ಗುಂಟೆ ಆಣೆ ಒಂದೇ ಡಬ್ಬಿಯಲ್ಲಿ ಬರೀತಾರಾ? ಪಹಣಿಯಲ್ಲಿ ಇದ್ದ ಹಾಗೆ 2-10-0 ಅಂತ ಬರೆದ್ರೆ ಅದು 2000ದ ಅಕ್ಟೋಬರ್ 2 ಆಗ್ತದೆ. ಅದನ್ನ ತಪ್ಪಿಸ್ಲಿಕ್ಕೆ 2.10 ಅಂತ ಚುಕ್ಕೆ ಹಾಕಿ ಬರೆಯೂ ರೂಢಿ ನಮ್ಮ ಕಡೆ ಬಹಳ ಇದೆ, ಇದು ಇನ್ನೂ ಕೆಟ್ಟದ್ದು, ಯಾಕಂದ್ರೆ ತಪ್ಪು ಅಂತ ಕಾಣೂದೇ ಇಲ್ಲ. 2 ಎಕರೆ 10 ಗುಂಟೆ, 1 ಎಕರೆ 35 ಗುಂಟೆ ಕೂಡಿಸಿ ನೋಡಿ. ಎಕ್ಸೆಲ್ 3.45 ಅಂತದೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ 90 ಗುಂಟೆ 75 ಗುಂಟೆ ಸೇರಿ 165, ಅಂದ್ರೆ 4 ಎಕರೆ 5 ಗುಂಟೆ. ಎರಡೇ ತೋಟಕ್ಕೆ ಇಷ್ಟು ವ್ಯತ್ಯಾಸ ಬಂದ್ರೆ ಸಂಘದ ಎಲ್ಲ ಸದಸ್ಯರ ಮೊತ್ತ ಯೋಚಿಸಿ. ಮತ್ತೆ ವಿಮೆಯ ಲೆಕ್ಕ ಹೆಕ್ಟೇರಲ್ಲಿ. ಎಕರೆ, ಗುಂಟೆ, ಆಣೆ ಮೂರು ಬೇರೆ ಕಾಲಂ ಮಾಡಿ, ನಾಲ್ಕನೇ ಕಾಲಮಲ್ಲಿ ಎಕರೆಯನ್ನ 40ರಿಂದ ಗುಣಿಸಿ ಗುಂಟೆ ಸೇರಿಸಿ, ಆಣೆಯನ್ನ 16ರಿಂದ ಭಾಗಿಸಿ ಅದಕ್ಕೆ ಸೇರಿಸಿ. ಎಲ್ಲ ಗುಂಟೆಯಲ್ಲಿ ಬಂತು. ಕೂಡಿಸೂದು ಆ ಕಾಲಮನ್ನ ಮಾತ್ರ, ಹೆಕ್ಟೇರ್ ಬೇಕಾದ್ರೆ ಅದ್ರಿಂದ್ಲೇ ತೆಗೀರಿ.

ಬೆಟ್ಟದಾಕೆ (ಶಿರಸಿ ಕಡೆ)

ಎಲ್ರಿಗೂ ತುಂಬಾ ಧನ್ಯವಾದ. 3.45ರ ಲೆಕ್ಕ ಓದಿ ನಮ್ಮ ಹಳೇ ಪಟ್ಟಿ ತೆಗ್ದು ನೋಡ್ದೆ, ಮೊದಲಿಂದ ಇದ್ದ ಪಟ್ಟಿಯಲ್ಲೂ ಚುಕ್ಕೆಯೇ ಇದೆ, ಅದನ್ನ ಕಾರ್ಯದರ್ಶಿಯವ್ರಿಗೂ ತೋರಿಸ್ದೆ. ಈಗ ಮೂರು ಕಾಲಂ ಮಾಡೂದು ಅಂತ ಆಯ್ತು.

ಕಾಳಿಸೇತುವೆಯವ್ರು ಹೇಳಿದ ಹಾಗೆ ಫೈಲ್ ಬೇರೆ ಬೇರೆ ಫೋಲ್ಡರಿಗೆ ಹಾಕ್ದೆ. ಅರ್ಧಕ್ಕಿಂತ ಜಾಸ್ತಿ ನಿಜವಾದ ಫಾರ್ಮೇ ಇದೆ. ಆದ್ರೆ ಒಂದು ವಿಚಿತ್ರ, ಎರಡು ಸರ್ವೆ ನಂಬರ್ ಇದ್ದವ್ರು ಮೊದಲ ಸಾಲಲ್ಲಿ ಒಂದು ಬರೆದ್ರೆ ಎರಡನೇ ಸಾಲಲ್ಲೂ ತಾನಾಗೇ ಅದೇ ಬರ್ತದೆ ಅಂತ ದೂರ್ತಾ ಇದ್ರು, ಈಗ ನಾನೇ ತುಂಬಿ ನೋಡ್ದೆ, ಹೌದು. ಮತ್ತೆ ಕನ್ನಡದಲ್ಲಿ ಹೆಸರು ಟೈಪ್ ಮಾಡಿದ ಫಾರ್ಮುಗಳಲ್ಲಿ ಚೌಕ ಕಾಣ್ತಾವಲ್ಲ, ಅವ್ರ ಹತ್ರ ಮತ್ತೆ ತುಂಬಿಸ್ಬೇಕಾ? ಪ್ರೊ ಇಲ್ದೆ ಎಲ್ಲವನ್ನೂ ಒಟ್ಟಿಗೆ ತೆಗೀಲಿಕ್ಕೆ ಏನಾದ್ರೂ ಇದೆಯಾ?

ಯಾಣದಕಲ್ಲು (ಅಂಕೋಲಾ)

ಇದೆ ಅಕ್ಕಾ, ಮತ್ತೆ ತುಂಬ್ಸೂದೂ ಬೇಡ.

ಚೌಕ ಕಾಣೂದು ಯಾಕಂದ್ರೆ ಆ ಡಬ್ಬಿಗೆ ಫಾರ್ಮ್ ಮಾಡಿದವ್ರು ಕೊಟ್ಟ ಫಾಂಟಲ್ಲಿ ಕನ್ನಡ ಅಕ್ಷರವೇ ಇಲ್ಲ, ಹೆಚ್ಚಾಗಿ ಹೆಲ್ವೆಟಿಕಾ ಇರ್ತದೆ. ಕಾಣೂದು ಬೇರೆ, ಒಳಗಿರೂದು ಬೇರೆ. ಟೈಪ್ ಮಾಡಿದವ್ರು ಯುನಿಕೋಡಲ್ಲಿ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಮಾಡಿದ್ರೆ ಡಬ್ಬಿಯ ಬೆಲೆ ಒಳಗೆ ಸರಿಯಾಗೇ ಕೂತಿರ್ತದೆ, ಹೊರಗೆ ತೆಗೆದಾಗ ಹೆಸರು ಚೆಂದಾಗಿ ಬರ್ತದೆ. ಒಂದೆರಡು ಫೈಲ್ ತೆಗ್ದು ನೋಡಿ ಖಾತ್ರಿ ಮಾಡ್ಕೊಳ್ಳಿ.

ತೆಗೀಲಿಕ್ಕೆ ಎರಡು ದಾರಿ, ಎರಡೂ ಪುಕ್ಕಟೆ, ಎರಡೂ ನೆಟ್ ಇಲ್ದೆ ಓಡ್ತವೆ. ಪಿಡಿಎಫ್‌ಟಿಕೆ ಅಂತ ಕಮಾಂಡ್ ಕೊಟ್ಟು ಓಡ್ಸೂ ಸಣ್ಣ ಪ್ರೋಗ್ರಾಂ ಇದೆ, ಒಂದು ಫಾರ್ಮಿನ ಎಲ್ಲ ಡಬ್ಬಿಯ ಹೆಸರು ಬೆಲೆ ಪಟ್ಟಿ ಮಾಡಿ ಕೊಡ್ತದೆ, ಕನ್ನಡ ಇದ್ರೆ ಯುಟಿಎಫ್-8 ಅಂತ ಕೊನೆಯಾಗೂ ಕಮಾಂಡನ್ನೇ ಕೊಡ್ಬೇಕು. ಫಾರ್ಮ್ ಪರೀಕ್ಷೆ ಮಾಡ್ಲಿಕ್ಕೆ ನಾನು ಇದನ್ನೇ ಬಳ್ಸೂದು. ಪೂರ್ತಿ ಫೋಲ್ಡರಿಗೆ ಆದ್ರೆ ಪೈಥಾನು ಅನ್ನೂ ಪ್ರೋಗ್ರಾಮಿಂಗ್ ಭಾಷೆ, ಅದ್ರಲ್ಲಿ ಪೈಪಿಡಿಎಫ್ ಅನ್ನೂ ಲೈಬ್ರರಿ. ಫೋಲ್ಡರಲ್ಲಿರೂ ಫೈಲನ್ನ ಒಂದೊಂದಾಗಿ ತೆಗ್ದು, ಡಬ್ಬಿಗಳ ಬೆಲೆ ಓದಿ, ಒಂದು ಫಾರ್ಮಿಗೆ ಒಂದು ಸಾಲಿನ ಹಾಗೆ ಸಿಎಸ್‌ವಿಗೆ ಬರೆಯೂದು, ಅಷ್ಟೇ ಕೆಲ್ಸ, ಹತ್ತಿಪ್ಪತ್ತು ಸಾಲಿನ ಕೋಡ್. ಪ್ರತಿ ಸಾಲಿನ ಮೊದಲ ಕಾಲಮಲ್ಲಿ ಫೈಲಿನ ಹೆಸರು ತಪ್ಪದೇ ಹಾಕ್ಸಿ. ಆಮೇಲೆ ಯಾವುದಾದ್ರೂ ಅನುಮಾನ ಬಂದ್ರೆ ಮೂಲ ಫಾರ್ಮ್ ಯಾವುದು ಅಂತ ಹುಡುಕ್ಬೇಕಲ್ಲ. ಫೋಲ್ಡರಲ್ಲಿ ಎಷ್ಟು ಫೈಲ್, ಪಟ್ಟಿಯಲ್ಲಿ ಎಷ್ಟು ಸಾಲು, ಎರಡೂ ಒಂದೇ ಇದೆಯಾ ನೋಡ್ದೆ ಮುಂದೆ ಹೋಗ್ಬೇಡಿ. ಕೋಡ್ ಬರೆಯೂಕೆ ಕಷ್ಟ ಆದ್ರೆ ಇಲ್ಲೇ ಕೇಳಿ, ನಾನೇ ಬರ್ದು ಹಾಕ್ತೇನೆ.

ಟಿಕ್ ಹಾಕೂ ಡಬ್ಬಿಗೆ ಎಚ್ಚರ ಬೇಕು. ಅಡಿಕೆ, ಕಾಳುಮೆಣಸು ಅಂತ ಟಿಕ್ ಇದ್ರೆ ಟಿಕ್ ಹಾಕದ್ದಕ್ಕೆ ಆಫ್ ಅಂತ ಬರ್ತದೆ, ಹಾಕಿದ್ದಕ್ಕೆ ಯೆಸ್ ಬರ್ಬಹುದು, ಆನ್ ಬರ್ಬಹುದು, ಬರೀ 1 ಬರ್ಬಹುದು, ಅದು ಫಾರ್ಮ್ ಮಾಡಿದವ್ರು ಇಟ್ಟ ಹೆಸರು. ಪಿಡಿಎಫ್‌ಟಿಕೆ ಪಟ್ಟಿಯಲ್ಲಿ ಪ್ರತಿ ಟಿಕ್ಕಿಗೂ ಯಾವ್ಯಾವ ಬೆಲೆ ಸಾಧ್ಯ ಅಂತ ತೋರಿಸ್ತದೆ, ಬ್ಯಾಂಕಿನ ಫಾರ್ಮಿಗೆ ತುಂಬುವಾಗ ಅಕ್ಷರ ಬಿಡ್ದೆ ಅದೇ ಕೊಡ್ಬೇಕು, ಇಲ್ದಿದ್ರೆ ಟಿಕ್ ಬೀಳೂದಿಲ್ಲ, ತಪ್ಪು ಅಂತ ಹೇಳೂದೂ ಇಲ್ಲ.

ಒಂದು ಸಾಲಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೂದು ಯಾಕಂದ್ರೆ ಎರಡೂ ಡಬ್ಬಿಗೆ ಒಂದೇ ಹೆಸರಿಟ್ಟಿದ್ದಾರೆ. ಪಿಡಿಎಫಲ್ಲಿ ಹೆಸರು ಒಂದೇ ಆದ್ರೆ ಬೆಲೆಯೂ ಒಂದೇ, ಅದು ನಿಯಮ. ಸದಸ್ಯರ ನಂಬರು ಎರಡೂ ಪುಟದಲ್ಲಿ ಬರ್ಬೇಕಾದ್ರೆ ಅದು ಅನುಕೂಲವೇ, ಸರ್ವೆ ನಂಬರಿಗೆ ಅನಾಹುತ. ಈ ಫಾರ್ಮುಗಳಲ್ಲಿ ಎರಡನೇ ಸರ್ವೆ ನಂಬರ್ ಇಲ್ಲವೇ ಇಲ್ಲ, ಯಾವ ಸಾಫ್ಟ್‌ವೇರಿಂದ್ಲೂ ಬರೂದಿಲ್ಲ, ಅದಷ್ಟನ್ನ ಪಹಣಿ ನೋಡಿಯೇ ತುಂಬ್ಬೇಕು.

ಹಾಗಾಗಿ ಮುಂದಿನ ಹಂಗಾಮಿಗೆ ಫಾರ್ಮನ್ನೇ ಹೊಸ್ದಾಗಿ ಮಾಡಿ. ನಾನು ಹೇಳೂದ್ರಲ್ಲಿ ಇದು ಎಲ್ಲಕ್ಕಿಂತ ಮುಖ್ಯ. ಲಿಬ್ರೆ ಆಫೀಸ್ ರೈಟರಲ್ಲಿ ಫಾರ್ಮ್ ಡಬ್ಬಿ ಹಾಕಿ, ಪ್ರತಿ ಡಬ್ಬಿಯ ಪ್ರಾಪರ್ಟಿಯಲ್ಲಿ ಟೆಕ್ಸ್ಟ್ 1 ಟೆಕ್ಸ್ಟ್ 2 ಅಂತ ಬಿಡ್ದೆ ನಿಮ್ಮ ಎಕ್ಸೆಲ್ ಕಾಲಮಿನ ಹೆಸರನ್ನೇ ಇಡಿ, ಸರ್ವೆ ಒಂದಕ್ಕೆ ಬೇರೆ, ಎರಡಕ್ಕೆ ಬೇರೆ, ಎಕರೆ ಗುಂಟೆ ಆಣೆ ಬೇರೆ ಬೇರೆ. ಹೆಸರು ಊರಿನ ಡಬ್ಬಿಗೆ ಕನ್ನಡ ಇರೂ ಫಾಂಟ್ ಕೊಡಿ. ಪಿಡಿಎಫ್ ಎಕ್ಸ್‌ಪೋರ್ಟ್ ಮಾಡುವಾಗ ಫಾರ್ಮ್ ಮಾಡು ಅನ್ನೂದಕ್ಕೆ ಟಿಕ್ ಇರ್ಲಿ, ಅದ್ರ ಕೆಳಗೆ ಒಂದೇ ಹೆಸರಿನ ಎರಡು ಡಬ್ಬಿಗೆ ಅವಕಾಶ ಅನ್ನೂ ಟಿಕ್ ತೆಗ್ದಿಡಿ. ಇಷ್ಟಾದ್ರೆ ಹೆಸರಿಗೆ ಹೆಸರು ಕೂಡ್ತದೆ, ಪ್ರತಿ ವರ್ಷದ ಜಗ್ಗಾಟ ಅಲ್ಲಿಗೆ ಬಹಳಷ್ಟು ಕಡಿಮೆ.

ಬ್ಯಾಂಕಿನ ಫಾರ್ಮ್ ತುಂಬ್ಲಿಕ್ಕೂ ಪೈಪಿಡಿಎಫೇ ಸಾಕು, ಎಕ್ಸೆಲ್‌ನ ಒಂದು ಸಾಲಿಗೆ ಒಂದು ಫಾರ್ಮ್ ತುಂಬಿ ಸದಸ್ಯರ ನಂಬರಿನ ಹೆಸರಲ್ಲಿ ಸೇವ್ ಮಾಡ್ತದೆ. ಆದ್ರೆ ಹೊರಗಿನಿಂದ ಕನ್ನಡ ತುಂಬಿದ್ರೆ ಒತ್ತಕ್ಷರ ಸರಿ ಕೂರೂದಿಲ್ಲ ಅಥವಾ ಚೌಕ ಬರ್ತದೆ. ಬ್ಯಾಂಕಿನವ್ರಿಗೆ ಪಾಸ್‌ಬುಕ್ಕಲ್ಲಿ ಇದ್ದ ಹಾಗೆ ಇಂಗ್ಲಿಷಲ್ಲಿ ಹೆಸರು ಸಾಕು ಅಂದ್ರೆ ಹಾಗೇ ಮಾಡಿ. ಕನ್ನಡವೇ ಬೇಕು ಅಂದ್ರೆ ಪಿಡಿಎಫ್ ಫಾರ್ಮ್ ಬಿಟ್ಟು ವರ್ಡಲ್ಲಿ ಅದೇ ನಮೂನೆ ಮಾಡಿ ಎಕ್ಸೆಲ್‌ನಿಂದ ಮೇಲ್ ಮರ್ಜ್ (ಪಟ್ಟಿಯ ಒಂದೊಂದು ಸಾಲಿಗೆ ಒಂದೊಂದು ಪ್ರತಿ ತಾನಾಗೇ ತುಂಬೂದು) ಮಾಡಿ, ವರ್ಡಿಗೆ ಕನ್ನಡ ಕೂಡ್ಸೂಕೆ ಬರ್ತದೆ. ಕೊನೆಗೆ ಕಳ್ಸೂ ಪ್ರತಿ ಬೇಕಾದ್ರೆ ಚಪ್ಪಟೆ ಮಾಡಿ, ಆದ್ರೆ ಡಬ್ಬಿ ಜೀವಂತ ಇರೂ ಪ್ರತಿ ನಿಮ್ಮಲ್ಲಿ ಇರ್ಲಿ.

ಅಘನಾಶಿನಿ (ಕುಮಟಾ)

ಫೋಟೋ ಮತ್ತು ಪೆನ್ನಲ್ಲಿ ಬರ್ದ ಫಾರ್ಮಿನ ಮಾತು ಯಾರೂ ಎತ್ತಿಲ್ಲ, ಅದನ್ನೂ ಹೇಳ್ತೇನೆ. ಟೆಸೆರ್ಯಾಕ್ಟ್ ಅಂತ ಫ್ರೀ ಒಸಿಆರ್ (ಚಿತ್ರದಲ್ಲಿರೂ ಅಕ್ಷರ ಓದೂ ಸಾಫ್ಟ್‌ವೇರ್) ಉಂಟು, ಕನ್ನಡ ಅಚ್ಚಕ್ಷರ ಓದ್ತದೆ, ಆದ್ರೆ ಕೈಬರಹಕ್ಕೆ ಅದನ್ನ ನಂಬ್ಬೇಡಿ. 1 ಮತ್ತು 7, 3 ಮತ್ತು 8 ಅದಲುಬದಲಾದ್ರೆ ಬೇರೆಯವ್ರ ತೋಟ. ಕೈಬರಹ ಕೈಯಲ್ಲೇ ಟೈಪ್ ಮಾಡಿ, ಆದ್ರೆ ಕಡಿಮೆ ಟೈಪ್ ಮಾಡೂ ಹಾಗೆ ಮಾಡ್ಕೊಳ್ಳಿ. ಹೆಸರು, ಊರು, ಎಫ್‌ಐಡಿ, ಖಾತೆ ನಂಬರು ಸಂಘದ ಸದಸ್ಯರ ಪಟ್ಟಿಯಲ್ಲಿ ಆಗ್ಲೇ ಇರ್ತದಲ್ಲ, ಸದಸ್ಯರ ನಂಬರ್ ಒಂದನ್ನ ಹೊಡೆದ್ರೆ ಉಳಿದದ್ದು ವಿಲುಕಪ್ ಅನ್ನೂ, ಪಟ್ಟಿಯಲ್ಲಿ ಹುಡುಕಿ ತರೂ ಎಕ್ಸೆಲ್ ಸೂತ್ರದಿಂದ ಬರ್ಬೇಕು. ಅದ್ರ ಹೊಸ ರೂಪ ಎಕ್ಸ್‌ಲುಕಪ್ ನಿಮ್ಮ 2016ರಲ್ಲಿ ಇಲ್ಲ. ಸಾಧ್ಯ ಆದ್ರೆ ಸರ್ವೆ ನಂಬರ್ ಮತ್ತು ಕ್ಷೇತ್ರ ಎರಡನ್ನ ಇಬ್ರು ಬೇರೆ ಬೇರೆ ಶೀಟಲ್ಲಿ ಹೊಡೀರಿ, ಆಮೇಲೆ ತಾಳೆ ನೋಡಿ ಬೇರೆ ಬಂದದ್ದನ್ನ ಮಾತ್ರ ಮೂಲ ತೆಗ್ದು ಪರೀಕ್ಷೆ ಮಾಡಿ.

ಹಾಗೇ ಡೇಟಾ ವ್ಯಾಲಿಡೇಶನ್ (ತಪ್ಪು ಹೊಡೆದ್ರೆ ತಡೆಯೂ ಎಕ್ಸೆಲ್ ನಿಯಮ) ಹಾಕಿ. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್ ಅಂದ್ರೆ 11 ಅಕ್ಷರ, ಐದನೇದು ಯಾವತ್ತೂ ಸೊನ್ನೆ, ಬಹಳ ಜನ ಅಲ್ಲಿ ಇಂಗ್ಲಿಷ್ ಓ ಅಕ್ಷರ ಹೊಡೀತಾರೆ. ಆಧಾರ್ ಬೇಕೇ ಬೇಕು ಅಂದ್ರೆ 12 ಅಂಕಿ, ಶುರು 0 ಅಥವಾ 1 ಇರೂದಿಲ್ಲ, ಕೊನೇ ಅಂಕಿ ಉಳಿದ ಹನ್ನೊಂದರಿಂದ ವರ್ಹೋಫ್ ಅನ್ನೂ ಲೆಕ್ಕದಲ್ಲಿ ಬರ್ತದೆ, ಯಾಣದಕಲ್ಲು ಅವ್ರ ಕೋಡಲ್ಲೇ ಆ ತಪಾಸಣೆ ಸೇರಿಸ್ಬಹುದು. ಒಂದಂಕಿ ತಪ್ಪಿದ್ರೂ, ಪಕ್ಕದ ಎರಡಂಕಿ ಅದಲುಬದಲಾದ್ರೂ ಹಿಡೀತದೆ.

ಸದಸ್ಯರ ಪಟ್ಟಿ ಹಳೇದಾಗಿದ್ರೆ ಅದು ನುಡಿ ಅನ್ನೂ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಇರ್ಬಹುದು ನೋಡಿ. ಫಾಂಟ್ ಬದಲಾಯಿಸಿದಾಗ ಹೆಸರು ಹೋಗಿ ಇಂಗ್ಲಿಷ್ ಗೀಚು ಬಂದ್ರೆ ಅದೇ. ಆ ಹೆಸರು ಮತ್ತೆ ಯುನಿಕೋಡ್ ಹೆಸರು ಕಣ್ಣಿಗೆ ಒಂದೇ ಕಂಡ್ರೂ ಕಂಪ್ಯೂಟರಿಗೆ ಸಂಬಂಧವೇ ಇಲ್ಲ. ಮೊದ್ಲು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡ್ಕೊಳ್ಳಿ, ಒತ್ತಕ್ಷರ ಅರ್ಕಾವತ್ತು ಇರೂ ಹೆಸರು ಒಮ್ಮೆ ಕಣ್ಣಲ್ಲಿ ನೋಡಿ.

ಬೆಟ್ಟದಾಕೆ (ಶಿರಸಿ ಕಡೆ)

ಎಷ್ಟು ಹೇಳಿದ್ರೂ ಕಡಿಮೆ, ಇಷ್ಟು ವಿವರವಾಗಿ ನಂಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ. ಪಿಡಿಎಫ್‌ಟಿಕೆ ಹಾಕಿ ನೋಡ್ದೆ, ಚೌಕ ಕಾಣ್ತಿದ್ದ ಹೆಸರೆಲ್ಲ ಕನ್ನಡದಲ್ಲೇ ಬಂದ್ವು. ಯಾಣದಕಲ್ಲು ಅವ್ರೇ, ಕೋಡ್ ಹಾಕಿ ಕೊಡಿ, ದೊಡ್ಡ ಉಪಕಾರ ಆಗ್ತದೆ.

ಒಂದು ಯೋಚನೆ ಬಂತು, ಸರಿಯಾ ಹೇಳಿ. ಪಹಣಿಯಲ್ಲಿ ಸರ್ವೆ ನಂಬರ್ 12/*/3 ಅಂತ ಮಧ್ಯ ನಕ್ಷತ್ರ ಹಾಕಿ ಇರ್ತದಲ್ಲ, ಸರ್ವೆ, ಸರ್ನೋಕ್ (ಸರ್ವೆ ನಂಬರಿನ ಮಧ್ಯದ ಭಾಗ), ಹಿಸ್ಸಾ ಅಂತ. ಹಾಗೇ ಪೂರ್ತಿ ಬರೀರಿ ಅಂತ ಫಾರ್ಮಲ್ಲೇ ಹೇಳಿದ್ರೆ ಎಕ್ಸೆಲ್ ಅದನ್ನ ತಾರೀಕು ಮಾಡೂದಿಲ್ಲ, ಪೇಸ್ಟ್ ಮಾಡಿ ನೋಡ್ದೆ, ಹಾಗೇ ಉಳೀತು.

ಶರಾವತಿ ದಡ (ಹೊನ್ನಾವರ)

ತಾರೀಕು ಆಗೂದು ತಪ್ತದೆ, ಒಳ್ಳೇ ಯೋಚನೆ. ಆದ್ರೆ ಒಂದು ಗುಂಡಿ ಇದೆ. ವಿಲುಕಪ್, ಮ್ಯಾಚ್, ಕೌಂಟ್‌ಇಫ್ ಇವಕ್ಕೆಲ್ಲ ನಕ್ಷತ್ರ ಅಂದ್ರೆ ಯಾವುದಾದ್ರೂ ಆಗ್ಬಹುದು ಅಂತ ಅರ್ಥ. 12/*/3 ಹುಡುಕು ಅಂದ್ರೆ 12/ಎ/3 ಸಿಕ್ಕಿದ್ರೂ ಸಿಕ್ತು ಅಂತದೆ, ಮೊದ್ಲು ಯಾವುದು ಕಂಡ್ತೋ ಅದನ್ನೇ ಕೊಡ್ತದೆ. ಹುಡುಕುವಾಗ ನಕ್ಷತ್ರದ ಮುಂದೆ ಟಿಲ್ಡೆ (~) ಚಿಹ್ನೆ ಸೇರ್ಸಿದ್ರೆ ಸರಿ ಹೋಗ್ತದೆ, ಆದ್ರೆ ಅದನ್ನ ಆಫೀಸಲ್ಲಿ ಎಲ್ರೂ ನೆನಪಿಡ್ತಾರೆ ಅಂತ ನಂಬೂದು ಕಷ್ಟ. ಫಾರ್ಮಲ್ಲೇ ಸರ್ವೆ, ಸರ್ನೋಕ್, ಹಿಸ್ಸಾ ಮೂರು ಡಬ್ಬಿ ಮಾಡಿ, ಎಕ್ಸೆಲಲ್ಲೂ ಮೂರು ಕಾಲಂ, ಮೂರೂ ಟೆಕ್ಸ್ಟ್. ತಾಳೆ ನೋಡ್ಲಿಕ್ಕೆ ಒಂದೇ ಕಾಲಂ ಬೇಕಾದ್ರೆ ಮಧ್ಯ ಅಡಿಗೆರೆ ಹಾಕಿ ಜೋಡ್ಸಿ, ನಕ್ಷತ್ರ ಇದ್ದಲ್ಲಿ ಎಕ್ಸ್ ಅಕ್ಷರ ಬರೂ ಹಾಗೆ ಸಬ್‌ಸ್ಟಿಟ್ಯೂಟ್ ಹಾಕಿ. ಬ್ಯಾಂಕಿನ ಫಾರ್ಮಿಗೆ ಹೋಗುವಾಗ ಮೂಲ ಮೂರು ಕಾಲಮಿಂದ ಓರೆಗೀಟು ಹಾಕಿ ಕೂಡಿಸ್ಕೊಳ್ಳಿ.

ಯಾಣದಕಲ್ಲು (ಅಂಕೋಲಾ)

ಕೋಡ್ ಇವತ್ತು ರಾತ್ರಿ ಹಾಕ್ತೇನೆ ಅಕ್ಕಾ, ಮೂರು ಕಾಲಮಿನ ಲೆಕ್ಕವನ್ನೇ ಹಿಡಿದು ಬರೀತೇನೆ. ನಿಮ್ಮ ಖಾಲಿ ಫಾರ್ಮ್ ಒಂದು ಇಲ್ಲಿ ಹಾಕಿ, ತುಂಬಿದ್ದು ಬೇಡ. ಡಬ್ಬಿಗಳ ಹೆಸರು ಸಿಕ್ಕಿದ್ರೆ ನಂಗೆ ಸಾಕು.